ನೂರಹನ್ನೆರಡನೆಯ ಪುಟದ ಪ್ರೌಢಶಾಲೆ

ಸಂಸತ್ತಿನ ಮೇಲ್ಮನೆಯ ಗೌರವಾನ್ವಿತ ಸದಸ್ಯರೂ, ಶಿಕ್ಷಣಪ್ರೇಮಿಗಳೂ, ನಮ್ಮ ಭಾಗದ ದನಿಯೂ ಆಗಿರುವ ಶ್ರೀ ರಾಚಪ್ಪನವರ ಸನ್ನಿಧಿಗೆ ಕಲ್ಲಬಾವಿ ಗ್ರಾಮದ ನಿವೃತ್ತ ಮುಖ್ಯ ಶಿಕ್ಷಕಿ ಸಂಗವ್ವ ಮಾಡುವ ಶರಣು ಶರಣಾರ್ಥಿಗಳು.

ಮಾನ್ಯರೇ,

ತಾವು ದಿಲ್ಲಿಯಲ್ಲಿ ಕ್ಷೇಮವಾಗಿದ್ದೀರಿ ಎಂಬುದನ್ನು ನಾವು ಟೀವಿಯಲ್ಲಿ ಆಗಾಗ ಕಂಡು ಸಮಾಧಾನಪಡುತ್ತಿದ್ದೇವೆ. ಮಾರ್ಚಿನಲ್ಲಿ ಬಾಲ್ಯವಿವಾಹದ ಚರ್ಚೆ ನಡೆದಾಗ ತಮಗೆ ಕೆಮ್ಮು ಇದ್ದಂತಿತ್ತು. ಆದರೂ ನಡುನಡುವೆ ನೀರು ಕುಡಿಯುತ್ತ ಹದಿನೇಳು ನಿಮಿಷ ಮಾತಾಡಿದಿರಿ. ನಮ್ಮ ಊರಿನಲ್ಲಿ ಆ ಕೆಮ್ಮಿನ ಬಗ್ಗೆ ಎಲ್ಲರೂ ಮರುಗಿದರು. ಮಾತಿನ ಬಗ್ಗೆ ಮರುಗಲು ಆಗ ನಮಗೆ ಕಾರಣ ತಿಳಿದಿರಲಿಲ್ಲ.

ತಮಗೆ ನೆನಪಿರಲಿಕ್ಕಿಲ್ಲವೆಂದು ಹೇಳುತ್ತೇನೆ: ಬಾದಾಮಿಯ ಕಡೆಯಿಂದ ಬಂದು ಗುಡೂರು ದಾಟಿದ ಮೇಲೆ, ಇಳಕಲ್ಲಿನ ರಸ್ತೆ ಬಿಟ್ಟು ಎಡಕ್ಕೆ ಹೊರಳಿ ಎಂಟು ಕಿಲೋಮೀಟರ್ ಒಳಗೆ ಬಂದರೆ ಕಲ್ಲಬಾವಿ. ಅರ್ಧ ಊರು ಹೊಲ ಮಾಡುತ್ತದೆ, ಉಳಿದರ್ಧ ಸೀರೆ ನೇಯುತ್ತದೆ. ಶಾಲೆ ಇರುವುದು ಎಂಟನೆಯ ತರಗತಿಯವರೆಗೆ. ಒಂಬತ್ತನೆಯದು ಬೇಕಾದವರು ಗುಡೂರಿಗೆ ಹೋಗಬೇಕು. ಬಸ್ಸು ಬೆಳಗ್ಗೆ ಏಳಕ್ಕೆ ಹೋಗುತ್ತದೆ, ಸಂಜೆ ಏಳೂವರೆಗೆ, ಅದಕ್ಕೆ ಮನಸ್ಸಾದರೆ, ಬರುತ್ತದೆ. ಗಂಡುಮಕ್ಕಳು ಸೈಕಲ್ ತುಳಿಯುತ್ತಾರೆ. ಹೆಣ್ಣುಮಕ್ಕಳ ಓದು ಎಂಟಕ್ಕೆ ನಿಲ್ಲುತ್ತದೆ. ಮೂವತ್ತೊಂದು ವರ್ಷ ಆ ಶಾಲೆಯಲ್ಲಿ ಕಲಿಸಿದ ನಾನು ಪ್ರತಿ ಬೇಸಿಗೆಯಲ್ಲೂ ಅವರಿಗೆ ವರ್ಗಾವಣೆ ಪತ್ರ ಬರೆದುಕೊಟ್ಟಿದ್ದೇನೆ. ಅದನ್ನು ಬೇರೆ ಶಾಲೆಗೆ ಒಯ್ದುಕೊಟ್ಟವರನ್ನು ಬೆರಳಲ್ಲಿ ಎಣಿಸಬಹುದು.

ಇಂಥ ಊರಿಗೆ ಕಳೆದ ಏಪ್ರಿಲ್‌ನಲ್ಲಿ ತಮ್ಮಿಂದ ಒಂದು ಪಾರ್ಸಲ್ಲು ಬಂತು. ಅದರ ಮೇಲೆ ‘ಮುಖ್ಯೋಪಾಧ್ಯಾಯರು, ಸರ್ಕಾರಿ ಪ್ರೌಢಶಾಲೆ, ಕಲ್ಲಬಾವಿ’ ಎಂದು ದುಂಡಗೆ ಬರೆದಿತ್ತು. ಅಂಚೆಯ ಹನಮಪ್ಪ ಅದನ್ನು ಹೆಗಲ ಮೇಲೆ ಹೊತ್ತು, ಪಂಚಾಯಿತಿ, ಹಾಲಿನ ಡೇರಿ, ಮುನಾಫನ ಚಹಾದ ಅಂಗಡಿ ಎಲ್ಲ ಸುತ್ತಿ ಕೊನೆಗೆ ನನ್ನ ಮನೆಯ ಕಟ್ಟೆಗೆ ಬಂದು ಕುಳಿತು, “ಅಕ್ಕಾರ, ಇಪ್ಪತ್ತೊಂದ ವರ್ಷ ಆತು ಟಪಾಲ ಹಂಚಾಕತ್ತಿ, ಈ ಸಾಲಿ ಮಾತ್ರ ನಾ ಕಂಡಿಲ್ರಿ. ವಾಪಸ್ ಕಳಸಲೇನು?” ಎಂದು ಕೇಳಿದ. ಒಳಗಿರುವುದು ಪುಸ್ತಕ ಎಂದು ಮುಟ್ಟಿದರೆ ತಿಳಿಯುತ್ತಿತ್ತು. ಊರಿಗೆ ಬಂದ ಪುಸ್ತಕವನ್ನು ನಾನು ಈವರೆಗೆ ಹಿಂದಕ್ಕೆ ಕಳಿಸಿದವಳಲ್ಲ. ಸಹಿ ಮಾಡಿ ಇಳಿಸಿಕೊಂಡೆ. ಆ ಸಹಿಯ ವಿಷಯಕ್ಕೆ ಆಮೇಲೆ ಬರುತ್ತೇನೆ.

ಬಿಚ್ಚಿದರೆ ತಮ್ಮ ಸಂಸದೀಯ ಭಾಷಣಗಳ ಸಂಪುಟ, ‘ಸದನದಲ್ಲಿ ನಾಡಿನ ದನಿ’, ನಲವತ್ತು ಪ್ರತಿ. ರಟ್ಟು ಗಟ್ಟಿಯಾಗಿದೆ, ಕಾಗದ ನುಣುಪಾಗಿದೆ, ಪ್ರತಿ ಅಧ್ಯಾಯಕ್ಕೂ ತಮ್ಮದೊಂದು ಬೇರೆ ಬೇರೆ ಭಾವದ ಫೋಟೋ ಇದೆ. ನಾನು ಎರಡು ದಿನ ಕೂತು ಪೂರ್ತಿ ಓದಿದೆ. ವರದಕ್ಷಿಣೆಯ ಮೇಲೆ ತಾವು ಆಡಿದ ಮಾತಿಗೆ ತಲೆದೂಗಿದೆ. ತಮ್ಮ ಮಗನ ಮದುವೆಯ ಮೆರವಣಿಗೆ ನೋಡಿದವಳಾದ್ದರಿಂದ ಎರಡು ಸಲ ದೂಗಿದೆ. ಶಾಲೆಗಳಲ್ಲಿ ಹೆಣ್ಣುಮಕ್ಕಳ ಶೌಚಾಲಯ ಕುರಿತ ಭಾಷಣದ ನಡುವೆ ಕಂಸದಲ್ಲಿ ‘ಸದಸ್ಯರು ಭಾವುಕರಾದರು’ ಎಂದು ಅಚ್ಚಾಗಿದೆ. ನಮ್ಮ ಶಾಲೆಯ ಶೌಚಾಲಯದ ಬಾಗಿಲು ಕಿತ್ತುಹೋಗಿ ಎರಡು ವರ್ಷವಾಯಿತು. ಹುಡುಗಿಯರು ಒಬ್ಬರಿಗೊಬ್ಬರು ದುಪಟ್ಟಾ ಅಡ್ಡ ಹಿಡಿದು ನಿಲ್ಲುತ್ತಾರೆ. ಆ ಕಂಸದೊಳಗಿನ ಮಾತನ್ನು ಅವರಿಗೂ ಓದಿ ಹೇಳಬೇಕೆಂದಿದ್ದೇನೆ.

ಹೀಗೆ ಓದುತ್ತ ನೂರಹನ್ನೆರಡನೆಯ ಪುಟಕ್ಕೆ ಬಂದಾಗ ನಮ್ಮ ಊರು ಸಿಕ್ಕಿತು. ಕಳೆದ ವರ್ಷ ಜುಲೈನಲ್ಲಿ ನಡೆದ ಶಿಕ್ಷಣ ಚರ್ಚೆಯಲ್ಲಿ ತಾವು ಆಡಿದ ಮಾತು ಹೀಗಿದೆ: ‘ಮಾನ್ಯ ಸಭಾಪತಿಯವರೇ, ನನ್ನ ಭಾಗದ ಕಲ್ಲಬಾವಿ ಎಂಬ ಪುಟ್ಟ ಗ್ರಾಮದಲ್ಲಿ ಇಂದು ಪ್ರೌಢಶಾಲೆ ನಡೆಯುತ್ತಿದೆ. ನೇಕಾರರ ಹೆಣ್ಣುಮಕ್ಕಳು ಮಗ್ಗ ಬಿಟ್ಟು ಪುಸ್ತಕ ಹಿಡಿದಿದ್ದಾರೆ.’ ಅದರ ಮುಂದೆ ಕಂಸದಲ್ಲಿ ‘ಮೇಜು ತಟ್ಟಿ ಸ್ವಾಗತ’. ನಾನು ಕನ್ನಡಕ ಒರೆಸಿ ಮತ್ತೆ ಓದಿದೆ, ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಪಂಚಾಯಿತಿಯ ಹಿಂದೆ ಶಾಲೆಗೆಂದು ಬಿಟ್ಟಿರುವ ಜಾಗಕ್ಕೆ ಹೋಗಿ ನೋಡಿಯೂ ಬಂದೆ, ನಾನು ಮಲಗಿದ್ದಾಗ ಯಾರಾದರೂ ಕಟ್ಟಿ ಹೋಗಿದ್ದರೆ ಎಂದು. ಎರಡು ಎಮ್ಮೆ ಮೇಯುತ್ತಿದ್ದವು.

ತಾವು ಸುಳ್ಳು ಹೇಳಿದಿರಿ ಎಂದು ನಾನು ಬರೆಯಲಾರೆ, ಮಾನ್ಯರೇ, ಏಕೆಂದರೆ ಆ ಮಾತನ್ನು ತಮ್ಮ ಬಾಯಿಗೆ ಇಟ್ಟವಳು ನಾನೇ. ನಮ್ಮ ಕಡೆ ದೊಡ್ಡವರ ಹತ್ತಿರ ಬೇಡುವುದಕ್ಕೊಂದು ಪದ್ಧತಿಯಿದೆ: ಬೇಕು ಎನ್ನುವುದಿಲ್ಲ, ಕೊಟ್ಟಿರಲ್ಲ ಎಂದು ಮೊದಲೇ ಕೈಮುಗಿಯುತ್ತೇವೆ. ಶಾಲು ಹೊದಿಸಿಕೊಂಡ ಮೇಲೆ ಮನುಷ್ಯನಿಗೆ ಒಂದಿಷ್ಟು ನಾಚಿಕೆ ಬಂದೇ ಬರುತ್ತದೆ, ಕೆಲಸ ತಾನಾಗಿ ಆಗುತ್ತದೆ ಎಂಬ ನಂಬಿಕೆ. ಹೋದ ವರ್ಷ ಜನವರಿಯಲ್ಲಿ ತಾವು ಚೊಳಚಗುಡ್ಡದಲ್ಲಿ ಬನಶಂಕರಿಯ ದರ್ಶನ ಮುಗಿಸಿ ಇಳಕಲ್ಲಿಗೆ ಹೊರಟಾಗ ನಮ್ಮ ಊರಿಗೆ ಕಾಲು ತಾಸು ಬಂದಿರಿ. ಪಂಚಾಯಿತಿ ಅಧ್ಯಕ್ಷ ಯುವರಾಜ ಹಿಂದಿನ ದಿನ ನನ್ನ ಬಳಿ ಬಂದು, “ಅಕ್ಕಾರ, ಮನವಿ ಕೊಟ್ರ ಪಿಎ ಕೈಗೆ ಹೋಗ್ತೈತ್ರಿ. ಬಿನ್ನವತ್ತಳಿ ಕೊಟ್ರ ಮನ್ಯಾಗ ಗ್ವಾಡಿಗಿ ಹಾಕ್ತಾರ. ಸಾಲಿ ತಂದಕೊಟ್ಟಾರ ಅಂತನ ಬರದಬಿಡ್ರಿ, ದಿನಾ ನೋಡಿದ್ರ ಒಂದಿನರ ನೆನಪಾಗ್ತೈತಿ” ಎಂದ. ನನಗೂ ಅದು ಭಾಳ ಜಾಣತನದ ಮಾತಾಗಿ ಕಂಡಿತು. ‘ಕಲ್ಲಬಾವಿಗೆ ಪ್ರೌಢಶಾಲೆ ತಂದ ಶಿಕ್ಷಣಪ್ರೇಮಿ’ ಎಂದು ನನ್ನ ಅತ್ಯುತ್ತಮ ಅಕ್ಷರದಲ್ಲಿ ಬರೆದೆ, ಚೌಕಟ್ಟು ಹಾಕಿಸಿದೆವು. ನೇಕಾರ ಖಾಸಿಂಸಾಬ ತಮ್ಮ ಮನೆಯವರಿಗೆಂದು ತಾನೇ ನೇಯ್ದ ಕೆಂಪು ಸೆರಗಿನ ಸೀರೆಯೊಂದನ್ನು ತಂದುಕೊಟ್ಟ. ತಾವು ಬಿನ್ನವತ್ತಳೆಯನ್ನು ಓದಿದಿರಿ, ಮುಖ ಅರಳಿತು, ಆ ಕ್ಷಣವೇ ನಂಬಿಬಿಟ್ಟಿರಿ. ನಮಗೆ ಬೇಕಾಗಿದ್ದ ನಾಚಿಕೆ ಮಾತ್ರ ಬರಲೇ ಇಲ್ಲ.

ಇಷ್ಟಾದರೂ ಸುಧಾರಿಸಬಹುದು ಎಂದುಕೊಂಡು, ಈ ತಿಂಗಳ ಮೊದಲ ವಾರ ನಾನು ಶಾಲೆಯ ಕಡತ ಇರುವ ಕಚೇರಿಗೆ ಹೋದೆ. ಕಚೇರಿಯ ಹೆಸರು ಬೇಡ, ಅಲ್ಲಿಯವರೂ ಮಕ್ಕಳೊಂದಿಗರು. ಗುಮಾಸ್ತೆ ಪ್ರಿಯದರ್ಶಿನಿ, ಒಂದು ಕಾಲಕ್ಕೆ ನನ್ನ ವಿದ್ಯಾರ್ಥಿನಿ, ಎದ್ದು ನಿಂತು ಕುರ್ಚಿ ಕೊಟ್ಟು, ಕಡತ ಬಿಚ್ಚಿ ಒಂದೊಂದಾಗಿ ತೋರಿಸಿದಳು. ಸದನದಲ್ಲಿ ತಾವು ಆಡಿದ ಮಾತಿನ ನಕಲು. ನನ್ನ ಅಕ್ಷರದ ಬಿನ್ನವತ್ತಳೆಯನ್ನು ತಾವು ಎದೆಗೆ ಹಿಡಿದುಕೊಂಡ ಫೋಟೋ. ಮೂರನೆಯದು ಪಾರ್ಸಲ್ಲಿನ ರಸೀದಿ, ತಮ್ಮ ಕಚೇರಿಯಿಂದ ಬಂದದ್ದು, ‘ಪ್ರೌಢಶಾಲೆಯ ಪರವಾಗಿ ಸ್ವೀಕರಿಸಿದೆ’ ಎಂಬಲ್ಲಿ ನನ್ನ ಸಹಿ. “ಅಕ್ಕಾರ, ಸಾಲಿ ಬೇಕು ಅಂತ ಬಂದವರು ನೀವ, ಸಾಲಿ ತಂದ್ರು ಅಂತ ಬರದವರು ನೀವ, ಸಾಲಿ ಹೆಸರಿಗಿ ಪುಸ್ತಕ ಇಳಿಸ್ಕೊಂಡವರೂ ನೀವ. ಈಗ ಇಲ್ಲ ಅಂತ ನಾ ಹೆಂಗ ಬರೀಲ್ರಿ?” ಎಂದು ಆಕೆ ತೀರ ಮೆಲ್ಲಗೆ ಕೇಳಿದಳು. ಪಾಠ ಒಪ್ಪಿಸುವಾಗಲೂ ಆಕೆಯ ದನಿ ಹಾಗೆಯೇ ಇತ್ತು. ಶಾಲೆಯಿಲ್ಲದ ಊರುಗಳ ಪಟ್ಟಿಯಿಂದ ನಮ್ಮ ಹೆಸರು ತೆಗೆದಾಗಿದೆಯಂತೆ. ನಮಗೆ ಮಂಜೂರಾಗುವ ಸರದಿಯಲ್ಲಿದ್ದ ಒಂಬತ್ತನೆಯ ತರಗತಿ ಬೇರೊಂದು ಊರಿಗೆ ಹೋಗಿದೆಯಂತೆ. ನಾನು ನೀರು ಕುಡಿದು ಎದ್ದು ಬಂದೆ.

ಇದರಿಂದ ಯಾರಿಗೇನು ನಷ್ಟ ಎಂದು ತಾವು ಕೇಳಬಹುದು. ಈ ವರ್ಷ ಎಂಟನೆಯ ತರಗತಿ ಮುಗಿಸಿದ ಏಳು ಹುಡುಗಿಯರಲ್ಲಿ ಆಫ್ರೀನ ಒಬ್ಬಳು, ಆ ಸೀರೆ ಕೊಟ್ಟ ಖಾಸಿಂಸಾಬನ ಮಗಳು. ಬೀಜಗಣಿತವನ್ನು ನಾನು ಹೇಳಿಕೊಡುವುದಕ್ಕೆ ಮುಂಚೆಯೇ ಬಿಡಿಸಿ ತೋರಿಸುವ ಹುಡುಗಿ. ನಿವೃತ್ತಳಾದ ಮೇಲೂ ನಾನು ಸಂಜೆ ಕಲಿಸುತ್ತಿರುವುದು ಅವಳಿಗಾಗಿಯೇ ಎಂದರೂ ತಪ್ಪಿಲ್ಲ. ತಮಗೆ ಕೊಟ್ಟ ಸೀರೆಗೆ ನೂಲು ಸುತ್ತಿಕೊಟ್ಟವಳು ಅವಳು; ತನ್ನ ಶಾಲೆಗಾಗಿ ಎಂದು ಹೇಳಿಕೊಂಡೇ ಸುತ್ತಿದಳು. ಖಾಸಿಂಸಾಬ ಹಟಮಾರಿಯಲ್ಲ. “ಊರಾಗ ಸಾಲಿ ಬರ್ಲಿ ಅಕ್ಕಾರ, ಹತ್ತನೇತ್ತ ಏನು, ಹನ್ನೆರಡನೇತ್ತ ತನಕಾ ಕಳಸ್ತೇನಿ. ಆ ಬಸ್ಸಿನ ಮ್ಯಾಲೆ ಭರೋಸಾ ಇಟ್ಟು ಕಳಸೂದಿಲ್ಲ” ಎನ್ನುತ್ತಾನೆ. ಅವಳ ತಾಯಿ ರಂಜಾನಬಿ ಮೊನ್ನೆ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ, “ದಿಲ್ಲಿಯೊಳಗ ನಮ್ಮ ಊರಾಗ ಸಾಲಿ ಐತಿ ಅಂದ್ರಂತಲ್ರಿ, ಎಲ್ಲೈತಿ ತೋರಸ್ರಿ, ನಾನ ಕರ್ಕೊಂಡ ಹೋಗಿ ಹೆಸರ ಹಚ್ಚತೇನಿ” ಎಂದಳು. ವ್ಯಂಗ್ಯಕ್ಕೆ ಹೇಳಿದ್ದಲ್ಲ, ನಿಜವಾಗಿಯೇ ಕೇಳಿದಳು. ಜೂನ್ ಒಂದಕ್ಕೆ ಶಾಲೆ ಶುರು. ಅಷ್ಟರೊಳಗೆ ಏನೂ ಆಗದಿದ್ದರೆ ಆಫ್ರೀನ ಮಗ್ಗಕ್ಕೆ ಕೂರುತ್ತಾಳೆ, ಕೂತವರು ಎದ್ದು ಬಂದದ್ದನ್ನು ನಾನು ಕಂಡಿಲ್ಲ.

ಆದ್ದರಿಂದ ತಮ್ಮ ಪಾದಕ್ಕೆ ನನ್ನ ವಿನಂತಿ ಇಷ್ಟು. ಸದನದಲ್ಲಿ ಯಾರಾದರೂ ಆಡಬಾರದ ಮಾತಾಡಿದರೆ ಅದನ್ನು ಕಡತದಿಂದ ತೆಗೆಸುವ ಅಧಿಕಾರ ಸಭಾಪತಿಯವರಿಗಿದೆ ಎಂದು ತಮ್ಮ ಪುಸ್ತಕದ ಪೀಠಿಕೆಯಿಂದಲೇ ತಿಳಿದೆ. ಕಲ್ಲಬಾವಿ ಎಂಬ ಹೆಸರನ್ನು ಒಂದು ಕೆಟ್ಟ ಬೈಗುಳವೆಂದು ಭಾವಿಸಿ ದಯವಿಟ್ಟು ತೆಗೆಸಿಕೊಡಬೇಕು. ನಮಗೆ ಅವಮಾನವಾಗುವುದಿಲ್ಲ, ಮತ್ತೆ ಶಾಲೆಯಿಲ್ಲದ ಊರಾಗುತ್ತೇವೆ, ಆಗ ಶಾಲೆ ಕೇಳಲು ನಮಗೆ ಹಕ್ಕು ಬರುತ್ತದೆ. ಅದು ತಮ್ಮ ಘನತೆಗೆ ಕುಂದು ಎನಿಸಿದರೆ, ಏಳು ಹುಡುಗಿಯರಿಗೂ ನೂರಹನ್ನೆರಡನೆಯ ಪುಟದ ಶಾಲೆಯಲ್ಲೇ ಪ್ರವೇಶ ಕೊಡಿಸಬೇಕು. ಅಲ್ಲಿ ಗಣಿತಕ್ಕೆ ಯಾರಿದ್ದಾರೆ, ಮಧ್ಯಾಹ್ನದ ಊಟ ಯಾವ ಸಾಲಿನಲ್ಲಿ ಬಡಿಸುತ್ತಾರೆ ಎಂಬುದನ್ನು ಮೊದಲೇ ತಿಳಿಸಿದರೆ ತಾಯಂದಿರಿಗೆ ಹೇಳುತ್ತೇನೆ. ಮೇಜು ತಟ್ಟಿದ ಮಾನ್ಯ ಸದಸ್ಯರೆಲ್ಲ ತಲಾ ಒಂದೊಂದು ಮೇಜು ಕಳಿಸಿಕೊಟ್ಟರೂ ಸಾಕು, ನಮಗೆ ಬೆಂಚಿನ ಚಿಂತೆ ತೀರುತ್ತದೆ.

ನನಗೆ ಸಿಟ್ಟು ಬಂದಿದೆ, ಮಾನ್ಯರೇ, ಅದರಲ್ಲಿ ಅರ್ಧ ನನ್ನ ಮೇಲಿನದು. ಮಕ್ಕಳಿಗೆ ಮೂವತ್ತೊಂದು ವರ್ಷ ಇದ್ದದ್ದನ್ನು ಇದ್ದಂತೆ ಬರೆಯಿರಿ ಎಂದು ಕಲಿಸಿ, ನಾನು ಮಾತ್ರ ಇಲ್ಲದ್ದನ್ನು ಇದೆ ಎಂದು ಬರೆದು ಚೌಕಟ್ಟು ಹಾಕಿಸಿಕೊಟ್ಟೆ. ಉಳಿದರ್ಧ ಸಿಟ್ಟನ್ನು ತಾವು ಸ್ವೀಕರಿಸಬೇಕು. ಅದಕ್ಕೆ ರಸೀದಿ ಬೇಡ.

ಇನ್ನು ಮುಂದೆ ಯಾರಿಗೂ ಬಿನ್ನವತ್ತಳೆ ಬರೆಯುವುದಿಲ್ಲವೆಂದು ಪ್ರಮಾಣ ಮಾಡಿರುವ, ಈ ಪತ್ರದ ಉತ್ತರಕ್ಕಾಗಿ ಮಾತ್ರ ಕಾಯುತ್ತಿರುವ,

ತಮ್ಮ ವಿಶ್ವಾಸಿ,
ಸಂಗವ್ವ
ನಿವೃತ್ತ ಮುಖ್ಯ ಶಿಕ್ಷಕಿ, ಕಲ್ಲಬಾವಿ
ಮೇ ಇಪ್ಪತ್ತನಾಲ್ಕು

ತಾ.ಕ.: ಪತ್ರ ಮುಗಿಸಿ ಖಾಸಿಂಸಾಬನ ಮನೆಗೆ ಹೋಗಿ ಬಂದೆ. ಪಡಸಾಲೆಯಲ್ಲಿ ಎರಡನೆಯ ಮಗ್ಗಕ್ಕೆಂದು ಅವನು ಹೋದ ವಾರ, ನೇಯುವವರು ಕಾಲು ಇಳಿಬಿಟ್ಟು ಕೂರುವ ಕುಣಿ ತೋಡಿದ್ದ, ತನ್ನ ಅಳತೆಗೆ. ಆಫ್ರೀನಳನ್ನು ಕೂರಿಸಿ ನೋಡಿದರೆ ಅವಳ ಕಾಲು ಕೆಳಗಿನ ತುಳಿಯುವ ಹಲಗೆಗೆ ಎಟುಕಲಿಲ್ಲವಂತೆ. ನಿನ್ನೆ ಒಂದು ಗೇಣು ಮಣ್ಣು ಮತ್ತೆ ತುಂಬಿ, ಬಡಿದು, ಸಾರಿಸಿದ್ದಾನೆ, ಈಗ ಎಟುಕುತ್ತದೆ. ಆ ಹುಡುಗಿಯ ಹೆಸರಿನಲ್ಲಿ ನಮ್ಮ ಊರಿನಲ್ಲಿ ಶುರುವಾಗಿ ಮುಗಿದ ಕಾಮಗಾರಿ ಅದೊಂದೇ. ಜೂನ್ ಒಂದರಂದು ಉದ್ಘಾಟನೆಗೆ ತಾವು ಬಂದರೆ ಅನುಕೂಲ.