ಅಪ್ಪಾಜಿ ಮಲಗ್ಯಾರೆ

ಏನೂ ಆಗದೆ ಮುಗಿದ ದಿನ ಅಂತ ಆ ಬೇಸಿಗೆಯಲ್ಲಿ ಒಂದೂ ಇರಲಿಲ್ಲ. ಸಣ್ಣ ಮಕ್ಕಳಿರುವ ಮನೆಗೆ ಏಪ್ರಿಲ್ ಬಂತೆಂದರೆ ಹಾಗೇ. ಒಂದು ಮುಗಿಯಿತು ಅಂತ ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಬಂದು ಬಾಗಿಲಲ್ಲಿ ನಿಂತಿರುತ್ತದೆ. ಈಗ ಹೇಳಿದರೆ ಕೇಳಿದವರು ನಗುತ್ತಾರೆ. ಆಗ ನನಗೆ ನಗುವುದಕ್ಕೂ ತ್ರಾಣ ಇರಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತಾ ಬಂದ ಕಾಲ. ನಾನು ಹರಿಹರದ ಒಂದು ಕಾರ್ಖಾನೆಯಲ್ಲಿ ಲೇತ್ ಮಿಷಿನ್ ಮೇಲೆ ಕೆಲಸ ಮಾಡುತ್ತಿದ್ದೆ. ಮನೆ ದಾವಣಗೆರೆಯಲ್ಲಿ, ಸಾಲುಮನೆಗಳಲ್ಲಿ ಒಂದು, ತಲೆ ಮೇಲೆ ಸಿಮೆಂಟ್ ಶೀಟು. ಹೆಂಡತಿ ಒಂದು ನರ್ಸಿಂಗ್ ಹೋಮಿನಲ್ಲಿ ನರ್ಸು. ಅವಳಿಗೆ ಹಗಲು ಡ್ಯೂಟಿ, ನನಗೆ ಆ ಬೇಸಿಗೆ ಪೂರ್ತಿ ರಾತ್ರಿ ಪಾಳಿ. ಬೆಳಿಗ್ಗೆ ನಾನು ಒಳಗೆ ಬಂದರೆ ಅವಳು ಹೊರಗೆ ಹೋಗುತ್ತಿದ್ದಳು. ನಾವು ಗಂಡ ಹೆಂಡತಿ ಅನ್ನುವುದು ಹೊಸ್ತಿಲಿಗೆ ಮಾತ್ರ ಗೊತ್ತಿತ್ತು. ಶಾಲೆ ಇರುವ ತನಕ ಇದು ಹೇಗೋ ನಡೆಯಿತು. ರಜೆ ಶುರುವಾದ ಮೇಲೆ ಏಳು ವರ್ಷದ ಮಗಳು, ಐದು ವರ್ಷದ ಮಗ, ನಿದ್ದೆ ಮಾಡಲೇಬೇಕಾದ ನಾನು, ಮೂವರೂ ಅದೇ ಶೀಟಿನ ಕೆಳಗೆ ಹಗಲು ಕಳೆಯಬೇಕಾಯಿತು.

ಸದ್ದು ಮಾಡಬ್ಯಾಡ್ರಿ

ಮೊದಲ ದಿನ ಹೆಂಡತಿ ಹೊರಡುವಾಗ ಇಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡು ಹೇಳಿದಳು. "ಅಪ್ಪಾಜಿ ರಾತ್ರಿಯೆಲ್ಲ ದುಡಿದು ಬಂದಾರೆ. ಅವ್ರಿಗೆ ನಿದ್ದೆ ಹತ್ತಿದ ಮ್ಯಾಲೆ ಸದ್ದು ಮಾಡಬ್ಯಾಡ್ರಿ."

ಇಬ್ಬರೂ ತಲೆಯಾಡಿಸಿದರು. ನಾನು ಚಾಪೆ ಹಾಸಿ ಮಲಗಿದೆ. ಕಣ್ಣು ಮುಚ್ಚಿ ಸ್ವಲ್ಪ ಹೊತ್ತಾಗಿರಬೇಕು, ಒಂದು ಪುಟ್ಟ ಬೆರಳು ನನ್ನ ರೆಪ್ಪೆಯನ್ನು ಮೇಲಕ್ಕೆತ್ತಿತು.

"ಅಪ್ಪಾಜಿ, ನಿದ್ದೆ ಹತ್ತಿತಾ?" ಮಗ ಕೇಳಿದ.

"ಹತ್ತಿತ್ತು."

"ಹಂಗಾರೆ ಇನ್ನ ಸದ್ದು ಮಾಡಲ್ಲ" ಅಂತ ಹೋದ. ಮತ್ತೆ ಜೊಂಪು ಹತ್ತುವ ಹೊತ್ತಿಗೆ ಯಾರೋ ಭುಜ ಹಿಡಿದು ಅಲುಗಿಸಿದರು. ಅವನೇ.

"ಈಗೇನೋ?"

"ಅಕ್ಕ ನಿಮ್ಮನ್ನ ಎಬ್ಬಿಸ್ತೀನಿ ಅಂತಾಳೆ ಅಪ್ಪಾಜಿ. ಎಬ್ಬಿಸಬ್ಯಾಡ ಅಂತ ಹೇಳ್ರಿ ಅವಳಿಗೆ."

ಐಸ್ ಕ್ಯಾಂಡಿ

ಮಕ್ಕಳನ್ನು ಹೇಗೋ ಒಂದು ಮೂಲೆಯಲ್ಲಿ ಕೂರಿಸಿದೆ ಅಂದರೆ ಮಧ್ಯಾಹ್ನದ ಬಿಸಿಲಿಗೆ ಸರಿಯಾಗಿ ಐಸ್ ಕ್ಯಾಂಡಿಯವನ ಸೈಕಲ್ ಬರುತ್ತಿತ್ತು. ಅವನ ಗಂಟೆ ಕೇಳಿದರೆ ಇವರಿಬ್ಬರೂ ಚಿಲಕ ಕಿತ್ತುಕೊಂಡು ಓಡುವರು. ಒಂದು ದಿನ ನಾನೇ ಹೊರಗೆ ಹೋದೆ. ಗಡ್ಡ ನೆರೆತ ಮುದುಕ, ಪಾಪ, ತಲೆ ಮೇಲೆ ಒದ್ದೆ ಟವೆಲ್ ಹಾಕಿಕೊಂಡಿದ್ದ.

"ನೋಡಪ್ಪಾ, ನಂದು ರಾತ್ರಿ ಪಾಳಿ. ಹಗಲೊತ್ತು ಮಲಗದಿದ್ರೆ ನಾನು ಮಿಷಿನ್‌ಗೆ ಕೈ ಕೊಟ್ಕಂತೀನಿ. ಈ ಸಾಲಿನಾಗೆ ಗಂಟೆ ಒಂದು ಬಾರಿಸಬ್ಯಾಡ."

ಅವನಿಗೆ ಕನಿಕರ ಬಂತು. "ಅದಕ್ಕೇನ್ರಿ ಸಾಹೇಬ್ರ, ನಾನೂ ಮಕ್ಕಳೊಂದಿಗ. ನಾಳಿಂದ ಬಾರಿಸಂಗಿಲ್ಲ."

ಮಾತು ಉಳಿಸಿಕೊಂಡ. ಮರುದಿನ ಗಂಟೆ ಕೇಳಲಿಲ್ಲ. ಮಕ್ಕಳೂ ಆಡುತ್ತಾ ಆಡುತ್ತಾ ನಿದ್ದೆ ಹೋದರು. ನನಗೂ ಕಣ್ಣು ಕೂಡಿತು. ಆಗ ಯಾರೋ ಬಾಗಿಲನ್ನು ಮೆಲ್ಲಗೆ ತಟ್ಟಿದರು. ತಟ್ಟುತ್ತಲೇ ಇದ್ದರು. ಎದ್ದು ತೆಗೆದರೆ ಅವನೇ. ಒಳಗಿನವರಿಗೆ ಎಚ್ಚರವಾದೀತು ಅಂತ ದನಿ ತಗ್ಗಿಸಿ ಹೇಳಿದ. "ಸಾಹೇಬ್ರ, ಗಂಟೆ ಬಾರಿಸಿಲ್ಲ. ನಾನು ಬಂದಿದ್ದು ನಿಮಗೆ ಗೊತ್ತಾಗಂಗಿಲ್ಲಲ್ಲ, ಅದಕ್ಕೆ ಹೇಳಿ ಹೋಗಣ ಅಂತ ಬಂದೆ."

ಹರಿಹರದ ದಾರಿ

ಹೆಂಡತಿಯ ತವರು ಹರಿಹರದಲ್ಲಿ, ಹೊಳೆ ಕಡೆಗೆ ಇಳಿಯುವ ಬೀದಿಯಲ್ಲಿ. ರಜೆ ಮುಗಿಯುವ ತನಕ ಮಕ್ಕಳನ್ನು ಅಲ್ಲಿ ಬಿಡುವುದೆಂದು ಇಬ್ಬರೂ ತೀರ್ಮಾನ ಮಾಡಿದೆವು. ಒಂದು ಸಂಜೆ ಪಾಳಿಗೆ ಹೋಗುವಾಗ ಬಿಟ್ಟು ಹೋದೆ. "ನೀವು ಚಿಂತಿ ಬಿಡ್ರಿ, ನಮ್ಮ ಮೊಮ್ಮಕ್ಕಳಲ್ಲೇನು" ಅಂದರು ಅತ್ತೆ. ಮರುದಿನ ಮನೆಗೆ ಬಂದು ಮಲಗಿದವನು ಸಂಜೆ ಹೆಂಡತಿ ಬಂದು ಕರೆಯುವ ತನಕ ಮಗ್ಗುಲು ಬದಲಿಸಲಿಲ್ಲ. ಅವಳು ಕಾಫಿ ಕೊಟ್ಟಳು. ಎಷ್ಟೋ ದಿನದ ಮೇಲೆ ಎದುರುಬದುರು ಕೂತು ಕುಡಿದೆವು. ಏನು ಮಾತಾಡಬೇಕು ಅಂತ ಇಬ್ಬರಿಗೂ ತಿಳಿಯಲಿಲ್ಲ.

ಅದರ ಮರುದಿನ ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ಮಾವ ಛತ್ರಿ ಹಿಡಿದು ನಿಂತಿದ್ದರು. ಅವರ ಹಿಂದೆ ನನ್ನ ಮಕ್ಕಳಿಬ್ಬರು. ಅವರ ಹಿಂದೆ ಇನ್ನೂ ಇಬ್ಬರು, ನನ್ನ ಭಾವಮೈದುನನ ಮಕ್ಕಳು, ಕೈಯಲ್ಲಿ ಬಟ್ಟೆಯ ಚೀಲ.

"ಏನಿಲ್ಲ ಅಳಿಯಂದ್ರೆ, ನಿಮ್ಮ ಹುಡುಗ ಹೊಳಿಗೆ ಹೋಗ್ತೀನಿ ಅಂತ ಎರಡು ಸಾರಿ ತಪ್ಪಿಸ್ಕಂಡ. ನಿಮ್ಮತ್ತೆಗೆ ಬಿಪಿ ಏರೈತೆ. ನಮ್ಮ ಕೈಲಾಗಲ್ಲಪ್ಪ ಅಂತ ಕರ್ಕಂಡು ಬಂದೆ."

"ಮತ್ತೆ ಇವ್ರಿಬ್ರು?"

"ಜೊತೆಗೆ ನಾವೂ ಹೋಗ್ತೀವಿ ಅಂತ ಅತ್ರು" ಅಂದರು ಮಾವ, ಛತ್ರಿ ಮಡಚುತ್ತಾ. "ನೀವು ಹೆಂಗೂ ಹಗಲೊತ್ತು ಮನೇಲಿ ಸುಮ್ನೆ ಇರ್ತೀರಲ್ಲ."

ಯಾವ ನೀರು

ಆ ನಾಲ್ವರ ವಾರ ಹೇಗೆ ಕಳೆಯಿತೋ ನನಗೆ ನೆನಪಿಲ್ಲ. ನೆಂಟರ ಮಕ್ಕಳು ಊರಿಗೆ ಹೋದ ಮೇಲೆ ಒಂದು ದಿನ ಕರೆಂಟು ಹೋಯಿತು. ಫ್ಯಾನು ನಿಂತು ಶೀಟು ಕಾದು, ಒಳಗೆ ರೊಟ್ಟಿ ಬೇಯುವಷ್ಟು ಸೆಕೆ. ನಾನು ಬೆವರುತ್ತಾ ನಿದ್ದೆಯಲ್ಲೇ ನರಳುತ್ತಿದ್ದೆನಂತೆ. ಮಕ್ಕಳಿಗೆ ಅಯ್ಯೋ ಅನ್ನಿಸಿದೆ. ಜ್ವರದವರಿಗೆ ಅಮ್ಮ ಆಸ್ಪತ್ರೆಯಲ್ಲಿ ಒದ್ದೆ ಬಟ್ಟೆ ಹಾಕುವುದನ್ನು ಮಗಳು ನೋಡಿದ್ದಳು. ಬಟ್ಟೆ ಸಿಗಲಿಲ್ಲವೆಂದು ಬರೀ ನೀರನ್ನೇ ಹಾಕಿದರು. ಮೊದಲು ಒಂದು ಚೊಂಬು. ನಾನು ಕಣ್ಣು ಬಿಡಲಿಲ್ಲವೆಂದು ಕೊಡ.

ಯಾರೋ ನನ್ನನ್ನು ಹೊಳೆಗೆ ಎಸೆದರು ಅಂತ ಎದ್ದು ಕೂತೆ. ಇಬ್ಬರೂ ಎದುರಿಗೆ ಕೂತು "ತಣ್ಣಗಾಯ್ತಾ ಅಪ್ಪಾಜಿ?" ಅಂತ ಪ್ರೀತಿಯಿಂದ ಕೇಳಿದರು. ಅಷ್ಟರಲ್ಲಿ ಹೆಂಡತಿ ಬಂದಳು. ಚಾಪೆ, ದಿಂಬು, ನಾನು, ಎಲ್ಲದರಿಂದಲೂ ನೀರು ಸೋರುತ್ತಿತ್ತು. ಒಂದು ಕ್ಷಣ ನನ್ನನ್ನೇ ನೋಡಿದಳು. ನಮ್ಮ ಬೀದಿಗೆ ಆಗ ನಲ್ಲಿ ನೀರು ವಾರಕ್ಕೊಂದು ಸಲ ಬರುತ್ತಿತ್ತು. ಏನಾಯಿತು ಅಂತ ನನ್ನನ್ನು ಕೇಳಬಹುದೆಂದುಕೊಂಡೆ. ಅವಳು ಮಗಳ ಕಡೆ ತಿರುಗಿದಳು.

"ಯಾವ ನೀರು ಹಾಕಿದ್ರೇ? ಕುಡಿಯದಾ, ಬಳಸದಾ?"

ದುರ್ಗದ ಟಿಕೆಟ್

ಮೇ ತಿಂಗಳ ಹೊತ್ತಿಗೆ ನಾನು ನಿಂತಲ್ಲಿ ನಿದ್ದೆ ಮಾಡುತ್ತಿದ್ದೆ. ಒಂದು ಬೆಳಿಗ್ಗೆ ಹರಿಹರದಲ್ಲಿ ಬಸ್ ಹತ್ತಿ ಕಿಟಕಿಗೆ ತಲೆ ಕೊಟ್ಟವನಿಗೆ ಎಚ್ಚರವಾದಾಗ ದಾವಣಗೆರೆ ಹಿಂದಕ್ಕೆ ಹೋಗಿತ್ತು. ಬಸ್ ಆನಗೋಡಿನಲ್ಲಿ ನಿಂತಿತ್ತು.

"ಎಬ್ಬಿಸಬಾರದೇನಪ್ಪಾ?" ಅಂತ ಕಂಡಕ್ಟರನನ್ನು ಕೇಳಿದೆ.

"ಎಬ್ಬಿಸಿದೆ ಸಾರ್. 'ಹೋಗು, ಅಕ್ಕನ ಜೊತೆ ಆಡ್ಕ ಹೋಗು' ಅಂದ್ರಿ. ನನಗೆ ಅಕ್ಕ ಇಲ್ಲ, ಸುಮ್ನಾದೆ. ಇಲ್ಲೇ ಇಳೀತೀರಾ?"

ಹೊರಗೆ ನೋಡಿದೆ. ಬಿಸಿಲು ಏರುತ್ತಿತ್ತು. ಕಿಟಕಿಯ ಗಾಳಿ ತಂಪಾಗಿತ್ತು. ಬಸ್ಸಿನಲ್ಲಿ ಒಂದೇ ಒಂದು ಮಗು ಇರಲಿಲ್ಲ. "ಚಿತ್ರದುರ್ಗಕ್ಕೊಂದು ಕೊಡು" ಅಂದೆ.

ಹೋಗುವಾಗಲೂ ಮಲಗಿದೆ, ಬರುವಾಗಲೂ ಮಲಗಿದೆ. ಮನೆಗೆ ಬಂದರೆ ಬೀಗ. ನನಗಾಗಿ ಕಾದು ಕಾದು ಹೆಂಡತಿ ಮಕ್ಕಳನ್ನೂ ಕರೆದುಕೊಂಡು ಡ್ಯೂಟಿಗೆ ಹೋಗಿದ್ದಳು. ನಾನು ನರ್ಸಿಂಗ್ ಹೋಮಿಗೆ ಓಡಿ ನಡೆದದ್ದನ್ನು ಹೇಳಿದೆ. ಅವಳು ಸಿಟ್ಟು ಮಾಡಲಿಲ್ಲ. "ನೀವಾದ್ರೆ ಬಸ್ಸಿನಾಗೆ ಮಲಗಿದ್ರಿ. ನಾನು ಎಲ್ಲಿಗೆ ಹೋಗಿ ಮಲಗ್ಲಿ ಹೇಳ್ರಿ" ಅಂತಷ್ಟೇ ಅಂದು ಇಂಜೆಕ್ಷನ್ ಟ್ರೇ ಹಿಡಿದುಕೊಂಡು ಹೋದಳು. ಅವಳ ಕಣ್ಣ ಕೆಳಗೆ ಕಪ್ಪಾಗಿದ್ದುದನ್ನು ನಾನು ಹಗಲು ಬೆಳಕಿನಲ್ಲಿ ನೋಡಿದ್ದು ಅವತ್ತೇ.

ಮಗ ವಾರ್ಡಿನಲ್ಲಿ ಒಬ್ಬ ಅಜ್ಜನ ಮಂಚದ ಪಕ್ಕ ಸ್ಟೂಲ್ ಮೇಲೆ ಕೂತಿದ್ದ. ಅಜ್ಜ ನನ್ನನ್ನು ಕರೆದರು.

"ಇವ ನಿಮ್ಮ ಹುಡುಗನೇನ್ರಿ? ಬೆಳಿಗ್ಗಿಂದ 'ಅಜ್ಜ, ನೀವು ಮನಿಗೆ ಯಾವಾಗ ಹೋಗ್ತೀರಿ' ಅಂತ ಕೇಳಿದ್ದೇ ಕೇಳಿದ್ದು. ನನ್ನ ಮಕ್ಕಳೂ ಹಿಂಗೆ ಕೇಳಿಲ್ಲ ಅಂತ ಸಂತೋಷ ಆತು. ಆಮ್ಯಾಲೆ ಹೇಳಿದ, 'ಮಂಚ ಖಾಲಿ ಆದ್ರೆ ನಮ್ಮಪ್ಪಾಜಿ ಬಂದು ಮಲಗ್ತಾರೆ' ಅಂತ."

ನನಗೆ ಭೂಮಿಗೆ ಇಳಿದು ಹೋದಂತಾಯಿತು. ಅಜ್ಜ ನನ್ನ ಮುಖವನ್ನು ಚೆನ್ನಾಗಿ ನೋಡಿ, ಸಲೈನ್ ಹಾಕಿದ ಕೈಯನ್ನು ಜೋಪಾನವಾಗಿ ಎತ್ತಿಕೊಂಡು ಗೋಡೆ ಕಡೆಗೆ ಸರಿದರು.

"ಅರ್ಧ ಮಂಚ ಸಾಕೇನ್ರಿ?"

ಬಿಳಿ ಪಂಚೆ

ಕೊನೆಗೆ ನಾನೊಂದು ಉಪಾಯ ಕಂಡುಕೊಂಡೆ. ಹೆಂಡತಿಯ ಹತ್ತಿರ ಹತ್ತಿ ಇಸಿದುಕೊಂಡು ಎರಡೂ ಕಿವಿಗೆ ತುರುಕಿದೆ. ನೊಣದ ಕಾಟಕ್ಕೆ ಬಿಳಿ ಪಂಚೆಯನ್ನು ತಲೆಯಿಂದ ಕಾಲಿನವರೆಗೆ ಎಳೆದುಕೊಂಡೆ. ಅಷ್ಟು ಚೆಂದದ ನಿದ್ದೆ ನಾನು ಮಾಡಿರಲಿಲ್ಲ.

ಅತ್ತ ಮಗ ಅಕ್ಕನ ಗೊಂಬೆಯ ಕೈ ಕಿತ್ತ. ಅವಳು ಬಂದು ಕರೆದಿದ್ದಾಳೆ, ನನಗೆ ಕೇಳಿಸಿಲ್ಲ. ಹೋಗಿ ಹೊಸ್ತಿಲ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಿದ್ದಾಳೆ. ಪಕ್ಕದ ಮನೆಯ ಅಜ್ಜಿ ನೋಡಿದರು.

"ಯಾಕವ್ವಾ, ಏನಾತು?"

"ಅಪ್ಪಾಜಿ ಏಳ್ತಾನೇ ಇಲ್ಲ. ಎಷ್ಟು ಕರೆದ್ರೂ ಮಾತಾಡಲ್ಲ."

"ಯಾವಾಗ್ಲಿಂದ?"

"ಬೆಳಿಗ್ಗಿಂದ. ಯಾರೂ ಮುಟ್ಟಬ್ಯಾಡ್ರಿ ಅಂತ ಅಮ್ಮ ಹೇಳಿ ಹೋಗ್ಯಾಳೆ."

ಅಜ್ಜಿ ಒಳಗೆ ಬಂದು ಪಂಚೆಯ ತುದಿ ಎತ್ತಿ ನೋಡಿದರಂತೆ. ಕಿವಿಯಲ್ಲಿ ಹತ್ತಿ ಕಂಡಿತು. ಅಷ್ಟು ಸಾಕಾಯಿತು. ಎದುರುಮನೆ ಮೇಷ್ಟ್ರು ನರ್ಸಿಂಗ್ ಹೋಮಿಗೆ ಫೋನ್ ಮಾಡಲು ಎಸ್‌ಟಿಡಿ ಬೂತಿಗೆ ಓಡಿದರು.

ನನಗೆ ಎಚ್ಚರವಾದದ್ದು ಹೆಂಗಸರ ಅಳುವಿನಿಂದ. ಹತ್ತಿಯೊಳಗಿಂದ ಎಲ್ಲೋ ದೂರದಲ್ಲಿ ಅಳುತ್ತಿದ್ದಂತೆ ಕೇಳಿಸಿತು. "ಎಂಥಾ ಮನುಷ್ಯ, ಒಬ್ಬರಿಗೆ ಏರು ದನಿಯಾಗೆ ಮಾತಾಡಿದವ್ರಲ್ಲ. ಈ ಸಣ್ಣ ಮಕ್ಕಳ ಗತಿಯೇನು." ಮಕ್ಕಳು ಅಂದದ್ದು ಮಾತ್ರ ಸ್ಪಷ್ಟವಾಗಿ ಕೇಳಿಸಿತು. ಮಕ್ಕಳಿಗೆ ಏನೋ ಆಗಿದೆ ಅಂತ ಪಂಚೆ ಸಮೇತ ಎದ್ದು ಕೂತೆ.

ಮನೆ ಒಂದೇ ಏಟಿಗೆ ಖಾಲಿಯಾಯಿತು. ಅಜ್ಜಿ ಒಬ್ಬರೇ ಕದಲಲಿಲ್ಲ, ಮೊಣಕಾಲು ನೋವು. ನನ್ನನ್ನು ಮುಟ್ಟಿ ನೋಡಿ, ಆಮೇಲೆ ಸಿಟ್ಟಿಗೆದ್ದರು. "ಬದುಕಿದ್ದೋರು ಯಾರಾದ್ರೂ ಕಿವಿಗೆ ಹತ್ತಿ ಇಟ್ಕಂತಾರೇನಪ್ಪಾ?"

ಅಷ್ಟರಲ್ಲಿ ಆಟೋ ಬಂತು. ಹೆಂಡತಿ ಯೂನಿಫಾರಂ ಸೀರೆಯಲ್ಲೇ ಬರಿಗಾಲಲ್ಲಿ ಓಡಿ ಬಂದಳು. ನಾನು ಲೋಟ ಹಿಡಿದು ನೀರು ಕುಡಿಯುತ್ತಿದ್ದೆ. ನನ್ನ ಪಕ್ಕ ಕುಸಿದು ಕೂತು ಬಹಳ ಹೊತ್ತು ಅತ್ತಳು. ಅವಳು ಹಾಗೆ ಅತ್ತದ್ದನ್ನು ನಾನು ನಮ್ಮ ಮದುವೆಯ ದಿನವೂ ನೋಡಿರಲಿಲ್ಲ. ನೆರೆಯವರು ಒಬ್ಬೊಬ್ಬರೇ ಸರಿದು ಹೋದರು. ಮಕ್ಕಳು ಗೋಡೆಗೆ ಅಂಟಿಕೊಂಡು ನಿಂತಿದ್ದರು.

ಕೊನೆಗೆ ಸೆರಗಿನಿಂದ ಮೂಗು ಒರೆಸಿಕೊಂಡಳು. "ಸುದ್ದಿ ಬಂದ ತಕ್ಷಣ ಹೆಡ್ ಸಿಸ್ಟರ್ರೇ ಕೈ ಹಿಡಿದು ಆಟೋ ಹತ್ತಿಸಿದ್ರು. ಡ್ಯೂಟಿ ಚಿಂತಿ ಮಾಡಬ್ಯಾಡ, ವಾರ ರಜಾ ಕೊಟ್ಟೀನಿ, ಬರೋ ಸೋಮವಾರ ಬಾ ಅಂದ್ರು."

ಮಕ್ಕಳನ್ನು ನೋಡಿಕೊಳ್ಳಲು ಒಂದು ದಿನ ರಜೆ ಕೊಡಿ ಅಂತ ಅವಳು ಅದೇ ಹೆಡ್ ಸಿಸ್ಟರ್ ಹತ್ತಿರ ತಿಂಗಳಿಂದ ಅಂಗಲಾಚಿದ್ದಳು. ಜನ ಇಲ್ಲ ಅಂತ ಕೊಟ್ಟಿರಲಿಲ್ಲ.

ನನಗೆ ನಾಚಿಕೆಯಾಯಿತು. "ಈಗ್ಲೇ ಬೂತಿಗೆ ಹೋಗಿ ಹೇಳಿ ಬರ್ತೀನಿ, ಹಂಗೇನೂ ಆಗಿಲ್ಲ ಅಂತ" ಎಂದು ಚಪ್ಪಲಿ ಹುಡುಕಿದೆ.

ಅವಳು ನನ್ನನ್ನು ನೋಡಿದಳು. ಮಕ್ಕಳನ್ನು ನೋಡಿದಳು. ಎದ್ದು ಹೋಗಿ ಬಾಗಿಲಿಗೆ ಚಿಲಕ ಹಾಕಿ, ನನ್ನ ಚಾಪೆಯ ಪಕ್ಕ ಇನ್ನೊಂದು ಚಾಪೆ ಹಾಸಿದಳು.

"ಸೋಮವಾರ ನಾನೇ ಹೇಳ್ತೀನಿ ಬಿಡ್ರಿ. ಅಲ್ಲಿತನಕ ಹೊರಗೆ ಎಲ್ಲೂ ಕಾಣಿಸ್ಕಬ್ಯಾಡ್ರಿ."