ಅಳಿಯಂದಿರ ದೂರದೃಷ್ಟಿಯೂ ನಮ್ಮ ಕೋಡುಬಳೆಯೂ

ಮುಂದೇನಾಗುತ್ತದೆ ಎಂದು ಮೊದಲೇ ತಿಳಿದುಕೊಂಡು ವ್ಯಾಪಾರ ಮಾಡಬೇಕು ಎನ್ನುವವರು ನಮ್ಮ ಅಂಗಡಿಗೆ ಕಾಲಿಟ್ಟ ದಿನದಿಂದ, ನಾಳೆ ಏನಾಗುತ್ತದೋ ಎಂಬ ಭಯ ನನಗೆ ಹತ್ತಿಕೊಂಡಿದೆ. ಒಂದು ಫಜೀತಿ ಮುಗಿಯಿತು ಎನ್ನುವಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತದೆ.

ನಮ್ಮದು ಮಲ್ಲೇಶ್ವರದಲ್ಲಿ ಕಾಂಡಿಮೆಂಟ್ಸ್ ಅಂಗಡಿ. ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು, ಹುಳಿಪುಡಿ, ಚಟ್ನಿಪುಡಿ. ನಮ್ಮ ಯಜಮಾನರು ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಪೇಪರ್ ಓದುತ್ತಾರೆ; ಉಳಿದದ್ದೆಲ್ಲ ನನ್ನದು. ನಾನು ಕಾನ್ವೆಂಟಿನಲ್ಲಿ ಸಿಸ್ಟರ್‌ಗಳ ಕೈಕೆಳಗೆ ಓದಿದವಳು. ನಮ್ಮಲ್ಲಿ ಉಗುರು ಬೆಳೆಸಿದವರು ತಟ್ಟೆ ಮುಟ್ಟುವಂತಿಲ್ಲ, ಗಿರಾಕಿಗಳು ಸಾಲು ಬಿಟ್ಟು ಮುಂದೆ ಬರುವಂತಿಲ್ಲ. ಒಮ್ಮೆ ಮಂತ್ರಿಗಳ ಮನೆಯ ಡ್ರೈವರನ್ನೂ ಸಾಲಿನ ಕೊನೆಗೆ ಕಳಿಸಿದ್ದೇನೆ.

ಆದರೆ ಅಂಗಡಿ ನಿಂತಿರುವುದು ನನ್ನ ಶಿಸ್ತಿನ ಮೇಲಲ್ಲ, ಹಿಂದಿನ ಅಡುಗೆಮನೆಯಲ್ಲಿ ಕೋಡುಬಳೆ ಸುತ್ತುವ ನಮ್ಮ ಭಟ್ಟರ ಕೈಮೇಲೆ. ಆ ಕೈಯ ಮೇಲೆ ಚಾಮರಾಜಪೇಟೆಯ ಅಂಗಡಿಯವರೊಬ್ಬರು ಕಣ್ಣಿಟ್ಟಿದ್ದರು. ಭಟ್ಟರು ಅಲ್ಲಿಗೆ ಹೋದರೆ ನಾವು ಬಾಗಿಲು ಹಾಕಿದಂತೆಯೇ. ಭಟ್ಟರಿಗೋ ಮೂಗಿನ ತುದಿಯಲ್ಲೇ ಕೋಪ. ‘ನಾನು ಹೋಗ್ತೀನಿ’ ಎಂಬ ಮಾತು ಅವರ ಬಾಯಲ್ಲಿ ಸದಾ ಸಿದ್ಧ.

ಹೀಗಿರುವಾಗ, ದೊಡ್ಡ ಕಂಪನಿಗಳಿಗೆ ಮುಂದಿನ ಟ್ರೆಂಡ್ ಏನೆಂದು ಹೇಳುವ ಕೆಲಸದಲ್ಲಿರುವ ನಮ್ಮ ಅಳಿಯಂದಿರು, ನಮ್ಮ ಅಂಗಡಿಯನ್ನೂ ಭವಿಷ್ಯಕ್ಕೆ ಸಿದ್ಧಮಾಡುತ್ತೇನೆ ಎಂದರು. ಬೇರೆ ಯಾರಾದರೂ ಆಗಿದ್ದರೆ ಸಾಲಿನ ಕೊನೆಗೆ ಕಳಿಸುತ್ತಿದ್ದೆ. ಆದರೆ ಅಳಿಯಂದಿರಿಗೆ ಬೇಡ ಎನ್ನುವ ಪದ್ಧತಿ ನಮ್ಮ ಮನೆಯಲ್ಲಿಲ್ಲ. ಊಟಕ್ಕೆ ಕೂತಾಗ ಅವರೇ ಬೇಡ ಎಂದರೂ ನಾವು ಬಡಿಸುತ್ತೇವೆ.

ಆಗಸ್ಟಿನ ಆಸೆ

ಮೊದಲು ಅವರು ಬಿಲ್ ಮಾಡುವ ಕಂಪ್ಯೂಟರಿನಿಂದ ಹಿಂದಿನ ವರ್ಷದ ವ್ಯಾಪಾರವನ್ನೆಲ್ಲ ತೆಗೆದು ಒಂದು ನಕ್ಷೆ ಮಾಡಿದರು. ಅದರಲ್ಲಿ ಆಗಸ್ಟ್ ತಿಂಗಳ ನಡುವೆ ಚಕ್ಕುಲಿಯ ಗೆರೆ ಗುಡ್ಡದಂತೆ ಎದ್ದಿತ್ತು. “ಆ ಸಮಯಕ್ಕೆ ಜನಕ್ಕೆ ಚಕ್ಕುಲಿ ಮೇಲೆ ಆಸೆ ಜಾಸ್ತಿಯಾಗುತ್ತೆ ಅತ್ತೆ. ಹವಾಮಾನದ ಪ್ರಭಾವ ಇರ್ಬೇಕು” ಎಂದರು.

ಅದು ಹವಾಮಾನವಲ್ಲ, ಕೃಷ್ಣಾಷ್ಟಮಿ. ಈ ಸಲ ಅಧಿಕ ಮಾಸ ಬಂದು ಹಬ್ಬ ಸೆಪ್ಟೆಂಬರಿಗೆ ಹೋಗಿತ್ತು. ಅಳಿಯಂದಿರ ಮುಖಕ್ಕೆ ಹೇಳುವುದು ಹೇಗೆ? ಅವರ ಕಿವಿಗೆ ಬೀಳಲಿ ಎಂದು ಯಜಮಾನರನ್ನು ಗಟ್ಟಿಯಾಗಿ ಕೇಳಿದೆ, “ರೀ, ಈ ಸಲ ಅಷ್ಟಮಿ ಯಾವಾಗ ಬರುತ್ತೆ?” ಅವರು ಪೇಪರ್ ಇಳಿಸದೆ, “ಬಂದಾಗ ಬರುತ್ತೆ ಬಿಡೇ” ಎಂದರು.

ಹಬ್ಬವಿಲ್ಲದ ಆಗಸ್ಟಿನಲ್ಲಿ ಡ್ರಮ್ಮುಗಟ್ಟಲೆ ಚಕ್ಕುಲಿ ತಯಾರಾಯಿತು. ಹೊಗೆಯಲ್ಲಿ ಕಣ್ಣೊರೆಸುತ್ತ ಭಟ್ಟರು ಹೋಗ್ತೀನಿ ಎಂದರು. ಕೈಕಾಲು ಹಿಡಿಯುವುದೊಂದು ಬಿಟ್ಟು ಎಲ್ಲ ಮಾಡಿ ನಿಲ್ಲಿಸಿಕೊಂಡೆ. ಉಳಿದ ಚಕ್ಕುಲಿಯನ್ನು ನೆಂಟರ ಮನೆಗಳಿಗೆ ಹಂಚಿದ್ದೇ ಹಂಚಿದ್ದು. ನಿಜವಾದ ಅಷ್ಟಮಿ ಬಂದಾಗ ಶೇಷಾದ್ರಿಪುರದ ನಾದಿನಿ ಮುಂಚಿತವಾಗಿಯೇ ಫೋನ್ ಮಾಡಿದಳು. “ಅತ್ತಿಗೆ, ಇನ್ನು ಕಳಿಸ್ಬೇಡಿ. ನಮ್ಮನೆ ಕೃಷ್ಣನೇ ಚಕ್ಕುಲಿ ಕಂಡ್ರೆ ಮುಖ ತಿರುಗಿಸ್ತಿದಾನೆ.”

ಎಣ್ಣೆಯಿಲ್ಲದ ಭವಿಷ್ಯ

ಮುಂದಿನ ಜನ ಆರೋಗ್ಯವನ್ನೇ ತಿನ್ನುತ್ತಾರೆ ಎಂಬುದು ಅಳಿಯಂದಿರ ಎರಡನೆಯ ದರ್ಶನ. ಕೋಡುಬಳೆಯನ್ನು ಕರಿಯದೆ ಓವನ್ನಿನಲ್ಲಿ ಬೇಯಿಸಬೇಕು, ಹಸಿರು ಪ್ಯಾಕೆಟ್ಟಿನಲ್ಲಿ ಹೃದಯದ ಚಿತ್ರ ಹಾಕಿ ಮಾರಬೇಕು. ಭಟ್ಟರು ಅದನ್ನು ಬೆರಳ ತುದಿಯಿಂದಲೂ ಮುಟ್ಟಲಿಲ್ಲ. ನಾನೊಂದು ತಿಂದು ನೋಡಿದೆ. ಅದರ ವಿಷಯ ಮಾತಾಡದಿರುವುದು ಮರ್ಯಾದೆ.

ಆದರೂ ಅದು ಮಾರಾಟವಾಯಿತು. ಬೆಳಗಿನ ವಾಕಿಂಗ್ ಮುಗಿಸಿ ಬರುವ ನಿವೃತ್ತ ಗಂಡಸರೇ ಗಿರಾಕಿಗಳು. ಅಳಿಯಂದಿರು ಹಿಗ್ಗಿದರು, ನನಗೇ ನಾಚಿಕೆಯಾಯಿತು. ಇವರೆಲ್ಲ ಕರಿದದ್ದನ್ನೂ ಅಷ್ಟೇ ತೂಕದಲ್ಲಿ ಕೊಳ್ಳುತ್ತಾರೆ ಎಂಬುದನ್ನು ನಾನು ಗಮನಿಸಿರಲಿಲ್ಲ.

ಒಂದು ದಿನ ಒಬ್ಬ ಹೆಂಗಸು ಬಂದು, ತಮ್ಮ ಯಜಮಾನರು ತಿಂಗಳಿಂದ ನಿಮ್ಮ ಎಣ್ಣೆಯಿಲ್ಲದ ಕೋಡುಬಳೆ ಬಿಟ್ಟು ಬೇರೆ ಕುರುಕಲು ಮುಟ್ಟಿಲ್ಲ, ಆದರೂ ಕೊಲೆಸ್ಟ್ರಾಲ್ ಏರಿದೆ, ಇದರಲ್ಲಿ ಏನು ಹಾಕುತ್ತೀರಿ ಎಂದು ಜಗಳಕ್ಕೆ ನಿಂತರು. ಸಾಲಿನಲ್ಲಿ ನಿಂತಿದ್ದ ಗಂಡಸರೆಲ್ಲ ಒಟ್ಟಿಗೆ ಮೇಲಿನ ಫ್ಯಾನ್ ನೋಡತೊಡಗಿದರು. ಆಕೆ ಹೋದ ಮೇಲೆ, ಮಾತಿಗೂ ಇಸ್ತ್ರಿ ಹಾಕಿದಂತೆ ಮಾತಾಡುವ ಒಬ್ಬ ನಿವೃತ್ತ ಪ್ರೊಫೆಸರು ಹತ್ತಿರ ಬಂದು ಮೆಲ್ಲಗೆ ಕೇಳಿದರು, “ಮೇಡಂ, ಒಳಗಡೆ ಸರಕು ಏನೂ ಬೇಡ. ಹಸಿರು ಪ್ಯಾಕೆಟ್ ಮಾತ್ರ ಖಾಲಿ ಸಿಗುತ್ತಾ?”

ಮನೆ ಬಾಗಿಲಿಗೆ

ಇನ್ನು ಮುಂದೆ ಯಾರೂ ಅಂಗಡಿಗೇ ಬರುವುದಿಲ್ಲ, ಎಲ್ಲ ಮೊಬೈಲಿನಲ್ಲೇ ಎಂದರು ಅಳಿಯಂದಿರು. ಮೊಬೈಲಿನಲ್ಲಿ ತರಿಸಿಕೊಂಡರೆ ಸ್ವಲ್ಪ ರಿಯಾಯಿತಿ ಎಂದೂ ಹಾಕಿಸಿದರು. ಎದುರು ಮನೆಸಾಲಿನಲ್ಲಿರುವ ಒಬ್ಬ ಅಜ್ಜಿ ಎಂದಿನಂತೆ ಬಂದರು, ಸ್ಟೂಲಿನ ಮೇಲೆ ಕೂತರು, ರುಚಿಗೆಂದು ನಿಪ್ಪಟ್ಟು ಒಂದು, ಕೋಡುಬಳೆ ಒಂದು ತಿಂದರು. ನಮ್ಮಲ್ಲಿ ರುಚಿ ನೋಡದೆ ಯಾರೂ ಕೊಳ್ಳುವುದಿಲ್ಲ. ಆಮೇಲೆ ಕನ್ನಡಕ ಏರಿಸಿ ಮೊಬೈಲ್ ಒತ್ತತೊಡಗಿದರು.

ಸ್ವಲ್ಪ ಹೊತ್ತಿಗೆ ಡೆಲಿವರಿಯವನು ಬೆವರುತ್ತ ಬಂದ. ನಾನು ಅವನ ಕೈಗೆ ಪೊಟ್ಟಣ ಕೊಟ್ಟೆ. ಅವನು ಆ ಕಡೆ ತಿರುಗಿ ಗಿರಾಕಿಗೆ ಫೋನ್ ಮಾಡಿದ. ನನ್ನ ಪಕ್ಕದಲ್ಲೇ ಫೋನ್ ರಿಂಗಾಯಿತು. “ಇಲ್ಲೇ ಇದೀನಪ್ಪ, ಸ್ಟೂಲಿನ ಮೇಲೆ” ಎಂದರು ಅಜ್ಜಿ. ಅವನು ಪೊಟ್ಟಣ ಕೊಟ್ಟ. ಅವರು ಅದನ್ನು ನನ್ನೆದುರಿಗೇ ಬಿಚ್ಚಿ, ಒಂದು ಮುರಿದು ತಿಂದು, “ನೀವು ಆಗ ಕೊಟ್ಟಿದ್ದಕ್ಕಿಂತ ಇದೇ ಗರಿಗರಿಯಾಗಿದೆ ನೋಡಿ. ಇನ್ಮೇಲೆ ಇದರಲ್ಲೇ ತರಿಸ್ತೀನಿ” ಎಂದರು.

ಮುಂದಿನ ಕಾಲದ ಮಿಷನ್

ಕೊನೆಗೆ ನಾನು ಹೆದರಿದ್ದೇ ಆಯಿತು. ಲಾರಿಯಲ್ಲಿ ಕೋಡುಬಳೆ ಮಿಷನ್ ಬಂತು. ಒಂದು ಕಡೆ ಹಿಟ್ಟು ಹಾಕಿದರೆ ಇನ್ನೊಂದು ಕಡೆ ಕರಿದ ಕೋಡುಬಳೆ ಬೀಳುತ್ತದಂತೆ. ಅದೇ ವಾರ ತರಗುಪೇಟೆಯ ಹಿಟ್ಟಿನ ವ್ಯಾಪಾರಿ, ಚಾಮರಾಜಪೇಟೆಯವರು ಭಟ್ಟರಿಗೆ ಇರಲು ಮನೆಯನ್ನೂ ನೋಡಿದ್ದಾರೆ ಎಂದು ನನ್ನ ಕಿವಿಗೆ ಹಾಕಿದ್ದ.

ಭಾನುವಾರ ಅಳಿಯಂದಿರು ಎಲ್ಲರನ್ನೂ ಅಡುಗೆಮನೆಯಲ್ಲಿ ಕೂರಿಸಿ, ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಚಿತ್ರ ಬಿಟ್ಟು ವಿವರಿಸಿದರು. ಮುಂದಿನ ಕಾಲದಲ್ಲಿ ಕೈಯಿಂದ ಸುತ್ತುವವರೇ ಇರುವುದಿಲ್ಲ, ಇದು ಆ ಕಾಲದ ಮಿಷನ್ ಎಂದರು. ಭಟ್ಟರು ಹೆಗಲ ಮೇಲಿನ ವಸ್ತ್ರದಿಂದ ಕೈ ಒರೆಸಿಕೊಂಡು ಎದ್ದರು. ಈಗ ‘ಹೋಗ್ತೀನಿ’ ಎನ್ನುತ್ತಾರೆ ಎಂದುಕೊಂಡೆ. ಯಜಮಾನರು ಕೂಡ ಪೇಪರ್ ಮಡಿಸಿದರು.

“ಇದನ್ನ ನಡೆಸೋರಿಗೆ ಏನಂತಾರೆ ಸಾರ್?” ಎಂದು ಕೇಳಿದರು ಭಟ್ಟರು.

“ಆಪರೇಟರ್.”

“ಕೋಟು ಇರುತ್ತಾ?”

ಇರುತ್ತದೆ, ಜೇಬಿನ ಮೇಲೆ ಹೆಸರೂ ಇರುತ್ತದೆ ಎಂದರು ಅಳಿಯಂದಿರು. ಭಟ್ಟರು ಮಿಷನ್ನಿನ ಸುತ್ತ ಒಂದು ಸುತ್ತು ಬಂದು, “ನೀಲಿ ಬಣ್ಣದ್ದೇ ಹೊಲಿಸಿ” ಎಂದರು.

ನೀಲಿ ಕೋಟು ಬಂತು. ಭಟ್ಟರು ಮಿಷನ್ನಿಗೆ ತಾವೇ ಪೂಜೆ ಮಾಡಿ, ಕುಂಕುಮ ಹಚ್ಚಿ, ಹಾರ ಹಾಕಿ, ತೆಂಗಿನಕಾಯಿ ಒಡೆದರು. ಧೂಳು ಕೂರದಿರಲಿ ಎಂದು ಜರಿ ಅಂಚಿನ ಪಂಚೆ ಹೊದಿಸಿದರು. ಆಮೇಲೆ ಕೋಟು ತೊಟ್ಟುಕೊಂಡೇ ಪಕ್ಕದ ಒಲೆಯ ಮುಂದೆ ಕೂತು ಕೈಯಲ್ಲಿ ಕೋಡುಬಳೆ ಸುತ್ತತೊಡಗಿದರು. ಮರುದಿನವೂ ಹಾಗೆಯೇ. ಅದರ ಮರುದಿನ ಹಾರ ಮಾತ್ರ ಬದಲಾಯಿತು.

ಆಗಲೇ ಚಾಮರಾಜಪೇಟೆಯವರು ಖುದ್ದು ಬಂದದ್ದು. ಸಾಲು ಬಿಟ್ಟು ನೇರ ಅಡುಗೆಮನೆಗೆ ನುಗ್ಗಿದರು. ನಾನು ಬಾಗಿಲ ಸಂದಿಯಲ್ಲಿ ನಿಂತು ಕೇಳಿಸಿಕೊಂಡೆ. ಅದು ಸಭ್ಯತೆಯಲ್ಲ, ಆದರೆ ಅಂಗಡಿ ನನ್ನದು.

“ಬನ್ನಿ ಭಟ್ರೇ, ಮನೆ ರೆಡಿ ಇದೆ” ಎಂದರು ಅವರು.

“ನಿಮ್ಮಲ್ಲಿ ಮಿಷನ್ ಇದೆಯಾ?”

“ಮಿಷನ್ ಯಾಕೆ? ನಿಮ್ಮ ಕೈ ಸಾಕು.”

ಭಟ್ಟರು ಹಿಟ್ಟಿನ ಕೈ ಎತ್ತಿ ಅವರನ್ನು ತಡೆದರು. “ಕೈಯಲ್ಲಿ ಸುತ್ತೋ ಕಾಲ ಹೋಯ್ತು ಸ್ವಾಮಿ. ನಾನೀಗ ಆಪರೇಟರ್. ಹಳೇ ಕಾಲದ ಅಂಗಡಿಗೆಲ್ಲ ಬರಕ್ಕಾಗಲ್ಲ.” ಹೀಗೆಂದು ಇನ್ನೊಂದು ಕೋಡುಬಳೆ ಸುತ್ತಿ ಬಾಣಲೆಗೆ ಬಿಟ್ಟರು. ಆ ಮನುಷ್ಯ ನೀಲಿ ಕೋಟನ್ನೂ, ಹಾರ ಹಾಕಿದ ಮಿಷನ್ನನ್ನೂ, ಬಾಣಲೆಯನ್ನೂ ಸರದಿಯಾಗಿ ನೋಡಿ, ಹೊರಟುಹೋದರು. ಹೋಗುವಾಗ ಅಭ್ಯಾಸಬಲದಿಂದ ಮಿಷನ್ನಿಗೆ ಕೈ ಮುಗಿದರು.

ದಸರೆಗೆ ಬಂದ ಅಳಿಯಂದಿರು ಪಂಚೆ ಹೊದ್ದ ಮಿಷನ್ ನೋಡಿ, ಇನ್ನೂ ಯಾಕೆ ಶುರುಮಾಡಿಲ್ಲ ಎಂದು ಭಟ್ಟರನ್ನೇ ಕೇಳಿದರು. ಭಟ್ಟರು ಕೋಟಿನ ತೋಳು ಮಡಿಸುತ್ತ ಸಮಾಧಾನವಾಗಿ ಹೇಳಿದರು, “ಮುಂದಿನ ಕಾಲದ್ದು ಅಂತ ನೀವೇ ಹೇಳಿದ್ರಲ್ಲ ಸಾರ್. ಆ ಕಾಲ ಬರ್ಲಿ, ಶುರು ಮಾಡ್ತೀನಿ. ಅಲ್ಲೀವರ್ಗೂ ಕೈಯಲ್ಲೇ ಹೇಗೋ ಸುಧಾರಿಸ್ತೀನಿ.”