ಮಾನ್‌ಸು ರೆಪ್ಪೆ ತುಂಬಿಸಿಕೊಂಡದ್ದು

ಇಷ್ಟಕ್ಕೆಲ್ಲ ಕಾರಣ ತಾಕ್ ಮಾನ್‌ಸುವಿನ ಮೇಲ್ರೆಪ್ಪೆಗಳು. ನಲವತ್ತೆಂಟರ ಈ ಬ್ರಹ್ಮಚಾರಿಗೆ ಜೆಚಾನ್ ಊರಿನ ಅಂತ್ಯಸಂಸ್ಕಾರ ಭವನದ ಬಾಗಿಲಲ್ಲಿ ಕೆಲಸ. ರೆಪ್ಪೆಗಳು ಎಷ್ಟು ಗುಳಿಬಿದ್ದು ಜೋತಿದ್ದವೆಂದರೆ, ಬಂದವರು ಸತ್ತವರ ಮಗನನ್ನು ಬಿಟ್ಟು ಇವನಿಗೇ ಬಗ್ಗಿ ನಮಸ್ಕರಿಸಿ, "ಧೈರ್ಯ ತಂದ್ಕೋಪ್ಪಾ, ನಿಮ್ಮಮ್ಮ ಪುಣ್ಯವಂತೆ" ಎನ್ನುತ್ತಿದ್ದರು. ಹನ್ನೊಂದು ವರ್ಷದಲ್ಲಿ ಅವನು ಸಾವಿರಾರು ತಾಯಂದಿರನ್ನು ಕಳೆದುಕೊಂಡಿದ್ದ.

ರಸ್ತೆಯಾಚೆ ಅದೇ ಕಂಪನಿಯ ಮದುವೆ ಭವನ. ಅಲ್ಲಿಗೆ ವರ್ಗವಾಗಬೇಕೆಂಬುದು ಅವನ ಜೀವದ ಆಸೆ.

"ಆ ಕಣ್ಣಿಟ್ಕೊಂಡಾ? ಹುಡುಗಿ ತಾಯಿ ಎದೆ ಒಡ್ಕೊಂತಾಳಷ್ಟೆ. ಸರಿ ಮಾಡಿಸ್ಕೊಂಡು ಬಾ, ನೋಡೋಣ" ಎಂದಿದ್ದಳು ಮ್ಯಾನೇಜರ್ ಕುಕ್ ಮಿರಾನ್.

ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಳ್ಳುವ ಪೈಕಿ ಮಾನ್‌ಸು ಅಲ್ಲ. ರಜೆ ಹಾಕಿ, ರೆಪ್ಪೆ ಸರಿಮಾಡಿಸಲು ರಾಜಧಾನಿ ಸೋಲ್‌ಗೆ ಹೋದ. "ಬರೀ ಜೋತುಬಿದ್ದ ಚರ್ಮ ಕತ್ತರಿಸಿದ್ರೆ ಗುಳಿ ಇನ್ನೂ ಆಳ ಕಾಣುತ್ತೆ. ಜೊತೆಗೆ ಹೊಟ್ಟೆ ಕೊಬ್ಬು ತೆಗೆದು ರೆಪ್ಪೆಗೆ ತುಂಬೋಣ" ಎಂದಳು ಡಾಕ್ಟರು. ತುಂಬಿಯೂ ಬಿಟ್ಟಳು.

ಮೂರು ವಾರದ ನಂತರ ಸೋಮವಾರ ಬೆಳಿಗ್ಗೆ, ಮದುಮಗನ ಕಳೆಯಲ್ಲಿ ಕೆಲಸಕ್ಕೆ ಬಂದ.

"ಏನೋ ಇದು! ಲಾಟರಿ ಹೊಡೀತಾ?" ಎಂದಳು ಸಾವಿಗೆ ಬಂದವರಿಗೆ ಊಟ ಮಾಡಿಹಾಕುವ ಅಡುಗೆಮನೆಯ ಒಕ್‌ಬುನ್.

"ಹೊಟ್ಟೇದೇ ಅಕ್ಕಾ, ಸ್ವಲ್ಪ ಮೇಲಕ್ಕೆ ಬಂತು!"

ಆದರೆ ಒಳಗೆ ತಂದೆಯನ್ನು ಕಳೆದುಕೊಂಡವನೊಬ್ಬ ಇವನನ್ನೇ ದುರುಗುಟ್ಟಿ ನೋಡಿದ. "ನಮ್ಮಪ್ಪ ಸತ್ತಿದ್ದು ನಿಂಗೆ ಹಬ್ಬಾನಾ?" ದುಃಖ ತೋರಿಸಲೆಂದು ಮಾನ್‌ಸು ರೆಪ್ಪೆ ಇಳಿಸಿದ. ಬಾವು ಪೂರ್ತಿ ಇಳಿದಿರಲಿಲ್ಲ; ಒಂದು ರೆಪ್ಪೆ ಮಾತ್ರ ಮುಚ್ಚಿತು. ಅವನೆದುರಿಗಿದ್ದವಳು ಸತ್ತವನ ಹೆಂಡತಿ.

"ನಮ್ಮಮ್ಮಂಗೇ ಕಣ್ಣು ಹೊಡೀತೀಯೇನೋ!"

ಒಕ್‌ಬುನ್ ಅವನನ್ನು ದನದ ಸೂಪಿನ ಹಂಡೆಯ ಹಿಂದಿನ ಬಾಗಿಲಿನಿಂದ ಹೊರಗೆ ತಳ್ಳಿದಳು. "ಓಡು! ಆ ಮದುವೆಯವ್ರ ಹತ್ರಾನೇ ಸಾಯಿ!"

ಮಿರಾನ್ ಅವನ ಮುಖ ನೋಡಿದವಳೇ ಚಪ್ಪಾಳೆ ತಟ್ಟಿ, ಕೊಟ್ಟ ಮಾತಿನಂತೆ ವರ್ಗದ ಪತ್ರಕ್ಕೆ ಮೊಹರು ಒತ್ತಿದಳು. ಮಾನ್‌ಸು ಗೆದ್ದಿದ್ದ. ಮಧ್ಯಾಹ್ನಕ್ಕೆ ಮದುವೆ ಭವನದ ಬಾಗಿಲಲ್ಲಿ ಕೆಂಪು ಬೋ ಟೈ ಕಟ್ಟಿ ನಿಂತ. ಪಕ್ಕದಲ್ಲಿ ಇಬ್ಬರು ಹೂವಿನ ಕಮಾನು ಬಿಚ್ಚುತ್ತಿದ್ದರು.

"ಬೇರೆ ಕಮಾನು ಬರುತ್ತಾ ಮೇಡಂ?" ಎಂದು ಅಲ್ಲಿಗೆ ಬಂದ ಮಿರಾನ್‌ಳನ್ನು ಕೇಳಿದ.

"ಎಲ್ಲಿಯ ಕಮಾನು! ಈ ಊರಲ್ಲಿ ಈಗ ಮದುವೆ ಆಗೋರು ಯಾರಿದಾರೆ? ಸಾಯೋರಿಗೆ ಮಾತ್ರ ಆಚೆ ಜಾಗ ಸಾಲ್ತಿಲ್ಲ. ಇವತ್ತಿಂದ ಇದೂ ಅಂತ್ಯಸಂಸ್ಕಾರ ಭವನ ಕಣಯ್ಯಾ. ಬೋ ಬಿಚ್ಚು, ಮೊದಲ್ನೇ ಹೆಣ ಬರ್ತಿದೆ."

ಮಾನ್‌ಸುವಿನ ಹೊಸ ಕಣ್ಣುಗಳಲ್ಲಿ ನಿಜವಾಗಿಯೂ ನೀರು ಬಂತು. ಅಷ್ಟರಲ್ಲಿ ಕಪ್ಪು ಬಟ್ಟೆಯ ಅಜ್ಜಿಯೊಬ್ಬಳು ಒಳಗೆ ಬಂದು, ಅವನ ಮುಖ ನೋಡಿ, ನಾಲಿಗೆ ಕಚ್ಚಿಕೊಂಡಳು.

"ಅಯ್ಯೋ, ಸಾವಿಗೆ ಬಂದವಳು ತಪ್ಪಿ ಮದುವೆಗೆ ಬಂದ್ಬಿಟ್ಟೆ!" ಎಂದು ಅವನ ಕೈ ಹಿಡಿದಳು. "ಧೈರ್ಯ ತಂದ್ಕೋಪ್ಪಾ. ಮಗಳು ಅಂದ್ಮೇಲೆ ಒಂದಲ್ಲ ಒಂದಿನ ಗಂಡನ ಮನೆಗೆ ಹೋಗ್ಲೇಬೇಕು."